ಒಂದೇ ಗುಂಡಿಗೆ ಅಪ್ಪಣೆ

ನಮ್ಮ ಮಗಳು ವಿದ್ಯುತ್ ಇಲಾಖೆಗೆ ಸೇರಿ ಏಳು ತಿಂಗಳಾಯಿತು. ಅವಳ ಜೊತೆಗೇ ನಮ್ಮ ಮನೆಯವರೂ ಸೇರಿದ್ದಾರೆ ಎಂಬ ಸಂಗತಿ ಇಲಾಖೆಗೆ ಮಾತ್ರ ಇನ್ನೂ ತಿಳಿದಿಲ್ಲ.

ಇವರ ಕಸುಬು ಹೊಲಿಗೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತೈದು ವರ್ಷದಿಂದ ಕತ್ತಿನಲ್ಲಿ ಟೇಪು, ಕಿವಿಯ ಮೇಲೆ ಗುರುತು ಹಾಕುವ ಸುಣ್ಣದ ಬಿಲ್ಲೆ. ಮಗಳ ಕೈಗೆ ನೇಮಕದ ಕಾಗದ ಬಂದ ದಿನದಿಂದ ಬೀದಿಯಲ್ಲಿ ಒಂದು ಬಲ್ಬು ಮಿಣುಕಿದರೂ ಜನ ಇವರನ್ನು ಕೇಳುತ್ತಾರೆ, ಇವರೂ ಉತ್ತರ ಕೊಡುತ್ತಾರೆ. "ಗೊತ್ತಿಲ್ಲ" ಎಂಬ ಮಾತು ಇವರ ಬಾಯಿಂದ ಬಿದ್ದದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿಲ್ಲ. ಪಾಪ, ಇವರಿಗೆ ಸುಳ್ಳು ಹೇಳಬೇಕೆಂಬ ಆಸೆಯಿಲ್ಲ. ಕೇಳಿದವರು ಬರಿಗೈಯಲ್ಲಿ ಹೋಗಬಾರದು ಎಂಬ ಸಂಕೋಚ, ಅಷ್ಟೆ.

ಆ ಸೋಮವಾರ ಸಂಜೆ ನಮ್ಮ ಬೀದಿಗೆ ಬೀದಿಯೇ ಕರೆಂಟು ಕಳೆದುಕೊಂಡಿತು. ನೆಲದಡಿಯ ಕೇಬಲ್ ಎಲ್ಲೋ ಕೆಟ್ಟಿತ್ತು. ಮಂಗಳವಾರವಿಡೀ ಬರಲಿಲ್ಲ. ಬೇಕರಿಯವನು ನಾಲ್ಕು ಸಲ ಬಂದು ವಿಚಾರಿಸಿದ.

"ನಾಳೆ ಹನ್ನೊಂದಕ್ಕೆ ಬರುತ್ತೆ," ಎಂದರು ಇವರು, ಕಾಜ ಹೊಲಿಯುತ್ತ.

"ಖಂಡಿತಾನಾ? ನಂಬಿ ಹಿಟ್ಟು ಕಲಸಿಬಿಡ್ತೀನಿ."

"ಕಲಸು."

ನಾನು ಒಳಗಿನಿಂದ, "ಹನ್ನೊಂದು ಅಂತ ನಿಮಗೆ ಯಾರು ಹೇಳಿದ್ರು?" ಎಂದೆ.

"ಹತ್ತೂವರೆ ಅಂದಿದ್ರೆ ಅವಸರ ಆಗ್ತಿತ್ತು," ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಕೆಟ್ಟ ಜಾಗ ಹುಡುಕುವ ಯಂತ್ರವಿರುವ ವ್ಯಾನು ನಮ್ಮ ವಿಭಾಗದಲ್ಲಿ ಒಂದೇ ಒಂದಿದೆ. ಅದನ್ನು ನಡೆಸುತ್ತಿದ್ದ ಹಿಂದಿನವರು ಒಂದು ಕೇಬಲಿಗೆ ಹನ್ನೊಂದು ಗುಂಡಿ ತೋಡಿಸಿ, ಹನ್ನೆರಡನೆಯದು ಬೇಡವೆಂದು ವರ್ಗ ಮಾಡಿಸಿಕೊಂಡು ಹೋಗಿದ್ದರು. ರಸ್ತೆ ಇಲಾಖೆಯವರು ರೇಗಿ, ಇನ್ನು ಮುಂದೆ ಒಂದು ದೋಷಕ್ಕೆ ಒಂದೇ ಗುಂಡಿ ಎಂದು ಆಜ್ಞೆ ಹೊರಡಿಸಿದ್ದರು. ಮಗಳು ಆ ವ್ಯಾನು ತನಗೇ ಬೇಕೆಂದು ಕೇಳಿಕೊಂಡಿದ್ದಳು. ಅವಳ ದೊಡ್ಡ ಎಂಜಿನಿಯರು, "ಒಂದು ಸಲ ಕೊಡ್ತೀನಿ. ಒಂದೇ ಗುಂಡಿಯಲ್ಲಿ ಸಿಕ್ಕರೆ ವ್ಯಾನು ನಿಂದು. ಸಿಗದಿದ್ರೆ ಉಗ್ರಾಣಕ್ಕೆ ಹೋಗಿ ಮೀಟರ್ ಎಣಿಸು," ಎಂದಿದ್ದರಂತೆ. ಆ ಒಂದು ಸಲ ನಮ್ಮ ಬೀದಿಗೇ ಬಂದು ಬಿತ್ತು. ಮಂಗಳವಾರ ರಾತ್ರಿ ಮಗಳು ಊಟದ ತಟ್ಟೆಯ ಮುಂದೆ ಕೂತು ಕೇಬಲ್ ನಕಾಶೆ ನೋಡಿದಳೇ ಹೊರತು ತಟ್ಟೆ ನೋಡಲಿಲ್ಲ.

ಬುಧವಾರ ಒಂಬತ್ತಕ್ಕೆ ವ್ಯಾನು ಬೀದಿಯ ತುದಿಯ ಕರೆಂಟು ಪೆಟ್ಟಿಗೆಯ ಹತ್ತಿರ ನಿಂತಿತು. ಮಗಳು ತಲೆಗೆ ಹಳದಿ ಟೋಪಿ ಹಾಕಿಕೊಂಡು ಇಳಿದಳು. ಹಿಂದೆ ಮೂವರು ಲೈನ್‌ಮನ್‌ಗಳು. ಅವರಲ್ಲಿ ಹಿರಿಯ ಲೈನ್‌ಮನ್ ವರ್ಷಕ್ಕೆ ನಾಲ್ಕು ಮಾತು ಆಡುವವನೆಂದು ಪ್ರಸಿದ್ಧ. ಅವರಿಗಿಂತ ಮೊದಲೇ ಬಂದಿದ್ದವರು ರಸ್ತೆ ಇಲಾಖೆಯ ಅಧಿಕಾರಿ. ಕಂಕುಳಲ್ಲಿ ಕಡತ, ಕೈಯಲ್ಲಿ ಕೊಡೆ. ಎಂಟು ದಿನದ ಹಿಂದೆ ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ಅವರು ಹೆತ್ತ ಮಗುವಿನ ಹಾಗೆ ನೋಡುತ್ತಿದ್ದರು. ನಾನು ಒಂದು ಕುರ್ಚಿ ತಂದು ಹಾಕಿದೆ.

"ಒಂದು ಗುಂಡಿ. ಹನ್ನೆರಡು ಗಂಟೆಗೆ ನಾನು ಹೊರಡ್ತೀನಿ. ನಾನು ಹೋದ್ಮೇಲೆ ಅಗೆದ್ರೆ ಅದು ಗುಂಡಿ ಅಲ್ಲ, ಅಪರಾಧ," ಎಂದರು.

ಬೀದಿಯೆಲ್ಲ ಹೊರಗೆ ಬಂದಿತ್ತು. ನಿವೃತ್ತ ಹೆಡ್‌ಮಾಸ್ತರು, ಅಂಗಡಿಗೆ ಬೀಗ ಹಾಕಿ ಬಂದ ಕ್ಷೌರದವನು, ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಬೇಕರಿಯವನು. ಇವರೆಲ್ಲರ ಮುಂದೆ ನಮ್ಮ ಮನೆಯವರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಕರೆಂಟಿಲ್ಲದೆ ಇಸ್ತ್ರಿ ಹೇಗಾಯಿತೆಂದು ಕೇಳಬೇಡಿ. ಬಿಸಿನೀರಿನ ಚೊಂಬಿನಲ್ಲಿ ನಾನೇ ಉಜ್ಜಿದ್ದು.

"ನೋಡ್ರಿ, ನೆಲದೊಳಗೆ ಕರೆಂಟು ದಾರಿ ತಪ್ಪಿದೆ. ಈ ಮಿಷನ್ನು ಅದನ್ನು ಕರೀತದೆ," ಎಂದು ಇವರು ಜನಕ್ಕೆ ವಿವರಿಸುತ್ತಿದ್ದರು.

ಮಗಳು ವ್ಯಾನಿನಿಂದಲೇ, "ಕರೆಯೋದಲ್ಲ ಸರ್. ಬಾವಿಯೊಳಗೆ ಕೂಗಿದ್ರೆ ದನಿ ತಿರುಗಿ ಬರುತ್ತಲ್ಲ, ಹಾಗೆ. ಕೇಬಲ್ಲಿಗೆ ಒಂದು ಸದ್ದು ಕಳಿಸ್ತೀವಿ ಅಂದ್ಕೊಳ್ಳಿ. ಕೆಟ್ಟ ಜಾಗಕ್ಕೆ ತಾಗಿ ವಾಪಸ್ ಬರುತ್ತೆ. ಎಷ್ಟು ಹೊತ್ತಿಗೆ ಬಂತು ಅನ್ನೋದ್ರ ಮೇಲೆ ದೂರ ತಿಳಿಯುತ್ತೆ," ಎಂದಳು.

"ಅದನ್ನೇ ನಾನು ಹೇಳಿದ್ದು," ಎಂದರು ಇವರು. ಕೆಲಸದ ಹೊತ್ತಿನಲ್ಲಿ ಮಗಳು ತಮ್ಮನ್ನು ಸರ್ ಎನ್ನುವುದು ಇವರಿಗೆ ಬಡ್ತಿ ಸಿಕ್ಕಷ್ಟು ಖುಷಿ.

ಯಂತ್ರದ ಪರದೆಯ ಮೇಲೆ ಹಸಿರು ಗೆರೆಯೊಂದು ಓಡಿತು, ಒಂದು ಕಡೆ ಗೂನು ಬಿದ್ದಿತು. ಮಗಳು ಮೂರು ಸಲ ನೋಡಿದಳು, ಮೂರು ಸಲವೂ ಬರೆದುಕೊಂಡಳು. "ಪೆಟ್ಟಿಗೆಯಿಂದ ಇನ್ನೂರ ಹತ್ತು ಮೀಟರ್. ಹೆಚ್ಚು ಅಂದ್ರೆ ಒಂದು ಅಡಿ ಆಚೆ ಈಚೆ. ಚಕ್ರ ತನ್ನಿ."

ದೂರ ಅಳೆಯುವ ಚಕ್ರವನ್ನು ಹಿಂದಿನ ದಿನ ಬೇರೆ ತಂಡದವರು ಊರಾಚೆ ಒಯ್ದಿದ್ದರು. ಬರುವುದು ಎರಡು ಗಂಟೆಗೆ. ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಮಗಳ ಮುಖ ಚಿಕ್ಕದಾಯಿತು. ಅಷ್ಟು ಸಾಕಾಯಿತು ಇವರಿಗೆ. ಕತ್ತಿನಿಂದ ಟೇಪು ಇಳಿಯಿತು.

"ಬೇಡ ಸರ್."

"ಒಂದೂವರೆ ಮೀಟರ್ ಟೇಪು. ನೂರ ನಲವತ್ತು ಸಲ ಹಾಸಿದ್ರೆ ಇನ್ನೂರ ಹತ್ತು. ಹೌದೋ ಅಲ್ವೋ ಮಾಸ್ತರೇ?"

ಹೆಡ್‌ಮಾಸ್ತರು ಗಾಳಿಯಲ್ಲಿ ಬೆರಳಾಡಿಸಿ ಗುಣಿಸಿದರು. "ಹೌದು."

"ಕೇಬಲ್ಲು ನೆಟ್ಟಗೆ ರಸ್ತೆ ಅಂಚಿಗೇ ಹೋಗಿದೆ ತಾನೆ?"

"ಹೋಗಿದೆ. ಆದ್ರೆ ಒಂದು ಇಂಚೂ ಹೆಚ್ಚುಕಡಿಮೆ ಆಗೋ ಹಾಗಿಲ್ಲ," ಎಂದಳು ಮಗಳು.

"ನನಗೆ ಇಂಚಿನ ಪಾಠ ಹೇಳ್ತೀಯಾ? ನೀನು ಹುಟ್ಟಿದಾಗ ಮೊದಲು ಅಳೆದವನು ಡಾಕ್ಟರಲ್ಲ, ನಾನು."

ಮಗಳು ಹಿರಿಯ ಲೈನ್‌ಮನ್ ಮುಖ ನೋಡಿದಳು. ಅವನು ತಲೆಯಾಡಿಸಿದ. ಅದು ಆಗಲಿ ಎಂದೋ ಬೇಡ ಎಂದೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಹಾಗೆ ಹೊರಟಿತು ಮೆರವಣಿಗೆ. ಟೇಪಿನ ಹಿಂದಿನ ತುದಿ ಹಿಡಿದು ಕುಕ್ಕರುಗಾಲಿನಲ್ಲಿ ಕ್ಷೌರದವನು, ಮುಂದಿನ ತುದಿಯಲ್ಲಿ ನಮ್ಮವರು. ಟೇಪು ಎಳೆದು, ತುದಿಗೆ ಹೆಬ್ಬೆರಳು ಒತ್ತಿ, ಹೆಬ್ಬೆರಳಿನ ಆಚೆ ಸುಣ್ಣದ ಬಿಲ್ಲೆಯಿಂದ ಸರಕ್ಕನೆ ಒಂದು ಗೆರೆ. ಕ್ಷೌರದವನು ಮುಂದೆ ಬಂದು ಆ ಗೆರೆಗೆ ತುದಿ ಹಿಡಿಯುತ್ತಿದ್ದ. ಮತ್ತೆ ಎಳೆತ, ಹೆಬ್ಬೆರಳು, ಗೆರೆ. ಪಕ್ಕದಲ್ಲಿ ಹೆಡ್‌ಮಾಸ್ತರು ಶಾಲೆಯ ಹಾಜರಿ ಕೂಗುವ ದನಿಯಲ್ಲಿ ಎಣಿಸುತ್ತಿದ್ದರು. ಅವರ ಹಿಂದೆ ಬೀದಿ. ಬೀದಿಯ ಹಿಂದೆ ಕೊಡೆ ಬಿಚ್ಚಿಕೊಂಡ ಅಧಿಕಾರಿ, ಸುಣ್ಣದಿಂದ ಡಾಂಬರಿಗೆ ಏನಾದರೂ ಆಗುತ್ತದೆಯೇ ಎಂದು ಬಗ್ಗಿ ನೋಡುತ್ತ.

"ಅರವತ್ತೊಂದು. ಅರವತ್ತೆರಡು."

"ಮಾಸ್ತರೇ, ಹನ್ನೊಂದಕ್ಕೆ ಬರುತ್ತೆ ಅಲ್ವಾ?" ಎಂದ ಬೇಕರಿಯವನು. "ಹಿಟ್ಟು ಉಬ್ಬಿ ಪಾತ್ರೆಯಿಂದ ಇಳಿದು ನಡ್ಕೊಂಡು ಬರೋ ಹಾಗಾಗಿದೆ."

"ಹನ್ನೊಂದು. ಅಲ್ಲ, ಅರವತ್ತ... ನಿನ್ನ ಹಿಟ್ಟಿಗಿಷ್ಟು."

ಲೆಕ್ಕ ತಪ್ಪಿತು. ಮಾಸ್ತರು ಪೆಟ್ಟಿಗೆಯವರೆಗೆ ವಾಪಸ್ಸು ನಡೆದು ಗೆರೆಗಳನ್ನು ಮತ್ತೆ ಎಣಿಸಿಕೊಂಡು ಬಂದರು. ತೊಂಬತ್ತರಲ್ಲಿ ಇನ್ನೊಂದು ಸಲ ಹೀಗೇ ಆಯಿತು. ಆದ್ದರಿಂದ ಎಣಿಕೆಯಲ್ಲಿ ತಪ್ಪಿಲ್ಲ ಎಂಬುದನ್ನು ನಾವೆಲ್ಲ ಮೂರು ಸಲ ಕಣ್ಣಾರೆ ಕಂಡಿದ್ದೇವೆ.

ಮೆರವಣಿಗೆ ನಮ್ಮ ಅಂಗಡಿಯ ಮೆಟ್ಟಿಲು ದಾಟಿ, ಮಾಸ್ತರ ಮನೆಯ ಗೇಟಿನ ಮುಂದೆ ನೂರ ನಲವತ್ತಕ್ಕೆ ನಿಂತಿತು.

ಮಾಸ್ತರ ಉತ್ಸಾಹ ಅಲ್ಲಿಗೆ ಇಳಿಯಿತು. "ನನ್ನ ಗೇಟಿನ ಮುಂದೇನಾ?"

"ನೀವೇ ಎಣಿಸಿದ್ದು," ಎಂದರು ಇವರು.

"ಎಣಿಸಿದ್ದು ನಾನು. ನಿಲ್ಲಿಸಿದ್ದು ನೀವು."

"ಮಾಸ್ತರೇ, ನಾಲ್ಕೇ ಅಡಿ," ಎಂದಳು ಮಗಳು ಮೆಲ್ಲಗೆ. "ಸಂಜೆಯೊಳಗೆ ಮುಚ್ಚಿಸಿ ಕೊಡ್ತೀನಿ."

ಅವಳಿಗೆ ಮಗ್ಗಿ ಕಲಿಸಿದವರು ಇದೇ ಮಾಸ್ತರು. ಅವರು ಗೇಟಿಗೆ ಬೆನ್ನು ಕೊಟ್ಟು ನಿಂತು, "ಅಗೀರಿ," ಎಂದರು.

ಗಡಪಾರೆ ಬಿತ್ತು. ಹೊಸ ಡಾಂಬರು ಒಡೆದಾಗ ಅಧಿಕಾರಿ ಕಣ್ಣು ಮುಚ್ಚಿಕೊಂಡರು. ನಾನು ಲೈನ್‌ಮನ್‌ಗಳಿಗೆ ನೀರು ತರಲು ಒಳಗೆ ಹೋದವಳು ಒಲೆಯ ಮೇಲಿನ ಹಾಲು ಮರೆತು ಹೊರಗೆ ಬಂದೆ. ಒಂದು ಅಡಿ, ಎರಡು ಅಡಿ. ಮಕ್ಕಳು ಹಿರಿಯರ ಕಾಲ ಸಂದಿಯಲ್ಲಿ ತೂರಿದರು. ಇವರು ಗುಂಡಿಯ ದಂಡೆಯಲ್ಲಿ ನಿಂತು, "ಈಗ ಬರುತ್ತೆ ನೋಡಿ. ಸುಟ್ಟ ವಾಸನೆ ಬರ್ತಿಲ್ವಾ?" ಎಂದರು. ಎಲ್ಲರಿಗೂ ವಾಸನೆ ಬಂತು. ಅದು ನಮ್ಮ ಹಾಲು.

ಮೂರೂವರೆ ಅಡಿಯಲ್ಲಿ ಕೇಬಲ್ ಕಂಡಿತು. ಮಗಳು ಗುಂಡಿಗೆ ಇಳಿದು ಕೈಯಿಂದ ಮಣ್ಣು ಸರಿಸಿದಳು, ಬಟ್ಟೆಯಿಂದ ಒರೆಸಿದಳು. ಕೇಬಲ್ ಕಪ್ಪಗೆ, ನುಣ್ಣಗೆ, ಒಂದು ಗೀರೂ ಇಲ್ಲದೆ, ನಿನ್ನೆ ಅಂಗಡಿಯಿಂದ ತಂದ ಹಾಗೆ ಮಲಗಿತ್ತು. ಅವಳು ಆ ಬದಿ ನೋಡಿದಳು, ಈ ಬದಿ ನೋಡಿದಳು. ಅಲ್ಲೇ ಕುಕ್ಕರಿಸಿ ಕೂತಾಗ ಗುಂಡಿಯಿಂದ ಹಳದಿ ಟೋಪಿ ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಇಂಥ ಗಳಿಗೆಗೇ ಕಾದಿದ್ದಂತೆ ಜೀಪು ಬಂತು. ದೊಡ್ಡ ಎಂಜಿನಿಯರು ಇಳಿದರು.

"ಸಿಕ್ತಾ?"

"ಇಲ್ಲ ಸರ್."

"ಒಂದು ಗುಂಡಿ ಆಯ್ತು," ಎಂದು ಅಧಿಕಾರಿ ಕಡತದ ದಾರ ಕಟ್ಟತೊಡಗಿದರು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಬೇಕರಿಯವನು, "ಹನ್ನೊಂದು ಹೋಯ್ತು," ಎಂದ. ಕ್ಷೌರದವನು ಅವನ ಹಿಟ್ಟಿನ ಕೈಯಿಂದಲೇ ಅವನ ಬಾಯಿ ಮುಚ್ಚಿದ.

"ಇನ್ನೂರ ಹತ್ತು ಅಂತ ನಿನ್ನ ರೀಡಿಂಗು. ರೀಡಿಂಗು ತಪ್ಪೋ, ಅಳತೆ ತಪ್ಪೋ?" ಎಂದರು ದೊಡ್ಡ ಎಂಜಿನಿಯರು.

"ಅಳತೆ ತಪ್ಪೋಕೆ ಸಾಧ್ಯವೇ ಇಲ್ಲ," ಎಂದರು ನಮ್ಮವರು ತಕ್ಷಣ. ಗುಂಡಿಯೊಳಗಿದ್ದ ಮಗಳ ಕಡೆ ಅವರ ಗಮನವಿರಲಿಲ್ಲ.

ನಾನು ಆ ಸುಣ್ಣದ ಗೆರೆಗಳನ್ನೇ ನೋಡುತ್ತಿದ್ದೆ. ನಮ್ಮ ಮೆಟ್ಟಿಲ ಮುಂದಿನ ಗೆರೆ, ಅದರ ಮುಂದಿನದು, ಅದರ ಮುಂದಿನದು. ಈ ಹೆಬ್ಬೆರಳನ್ನು ನಾನು ದಿನಾ ನೋಡುತ್ತೇನೆ. ನೋಡಿ ನೋಡಿ ಅದು ಕಣ್ಣಿಗೆ ಬೀಳುವುದೇ ನಿಂತಿತ್ತು.

"ರೀ, ಹೊಲಿಗೆಗೆ ಬಿಟ್ಟಿರಾ?" ಎಂದೆ.

"ಏನು?"

"ಪ್ರತಿ ಸಲಾನೂ ಟೇಪಿನ ತುದಿಯಿಂದ ಆಚೆ ಗೆರೆ ಹಾಕಿದೀರಿ. ಹೊಲಿಗೆಗೆ ಅಂತ ಬಿಟ್ಟಿರಾ?"

"ಬಿಡದೆ? ಈ ಬದಿಗೆ ಅರ್ಧ ಇಂಚು, ಆ ಬದಿಗೆ ಅರ್ಧ ಇಂಚು. ಬಿಡದೆ ಕತ್ತರಿಸಿದ್ರೆ ತೊಡೋಕೆ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಕೈ ಕತ್ತಿನ ಟೇಪಿಗೆ ಹೋಯಿತು.

ದೊಡ್ಡ ಎಂಜಿನಿಯರಿಗೆ ಅರ್ಥವಾಗಲಿಲ್ಲ. "ಯಾರು ಅಳೆದಿದ್ದು?"

"ನಾನೇ ಸರ್," ಎಂದಿತು ಹಳದಿ ಟೋಪಿ. "ಜವಾಬ್ದಾರಿ ನಂದು."

ನಮ್ಮವರು ಬೀದಿಯನ್ನೊಮ್ಮೆ ನೋಡಿದರು. ಏಳು ತಿಂಗಳಿಂದ ಇವರ ಮಾತು ನಂಬಿ ಮೇಣದಬತ್ತಿ ಹಚ್ಚಿದವರು, ಆರಿಸಿದವರು, ಹಿಟ್ಟು ಕಲಸಿದವರು, ಎಲ್ಲರೂ ಅಲ್ಲಿದ್ದರು.

"ಅವಳಲ್ಲ ಸಾರ್, ನಾನು," ಎಂದರು. "ಅವಳು ಬೇಡ ಅಂದ್ಲು. ನಾನು ದರ್ಜಿ. ಅಂಗಿ ಅಳೆದ ಹಾಗೆ ರಸ್ತೆ ಅಳೆದೆ. ನೂರ ನಲವತ್ತು ಸಲ ಒಂದೊಂದು ಇಂಚು ಜಾಸ್ತಿ ಬಿಟ್ಟೆ. ಕರೆಂಟಿನ ವಿಚಾರ ನನಗೆ ಏನೂ ಗೊತ್ತಿಲ್ಲ."

ಕ್ಷೌರದವನ ಬಾಯಿ ತೆರೆದೇ ಇತ್ತು. ಹೆಡ್‌ಮಾಸ್ತರಿಗೆ ಮಾತ್ರ ಅಂಥ ಭಾವಗಳಿಗೆ ಪುರುಸೊತ್ತಿರಲಿಲ್ಲ. ಅವರ ಬೆರಳು ಆಗಲೇ ಗಾಳಿಯಲ್ಲಿ ಓಡುತ್ತಿತ್ತು.

"ನೂರ ನಲವತ್ತು ಇಂಚು. ಭಾಗಿಸು ಹನ್ನೆರಡು. ಹನ್ನೊಂದು ಅಡಿ ಎಂಟು ಇಂಚು. ಗುಂಡಿ ಮಧ್ಯದಿಂದ ಅಷ್ಟು ಹಿಂದಕ್ಕೆ. ನನ್ನ ಗೇಟಲ್ಲ. ನಿಮ್ಮ ಮೆಟ್ಟಿಲು," ಎಂದರು, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಮುಖದಲ್ಲಿ.

"ಅಲ್ಲಿ ಅಗೆಯೋದು ಎರಡನೇ ಗುಂಡಿ," ಎಂದರು ಅಧಿಕಾರಿ. "ಆಗೋದಿಲ್ಲ."

"ನಾನು ಎರಡನೇದು ಕೇಳ್ತಿಲ್ಲ ಸಾರ್. ಇದೇ ಗುಂಡಿ ಗಿಡ್ಡ ಆಗಿದೆ," ಎಂದರು ನಮ್ಮವರು.

"ಗುಂಡಿ ಗಿಡ್ಡ ಆಗೋದು ಅಂದ್ರೆ ಏನ್ರೀ?"

"ನಿಮ್ಮ ಪ್ಯಾಂಟು ಗಿಡ್ಡ ಆದ್ರೆ ಏನು ಮಾಡ್ತೀರಿ? ಹೊಸದು ಹೊಲಿಸ್ತೀರಾ? ಮಡಿಕೆ ಬಿಚ್ಚಿ ಉದ್ದ ಇಳಿಸ್ತೀರಿ. ಇಳಿಸಿದ್ಮೇಲೆ ಅದು ಎರಡು ಪ್ಯಾಂಟ್ ಆಗುತ್ತಾ?"

ಅಧಿಕಾರಿ ತಮ್ಮ ಪ್ಯಾಂಟು ನೋಡಿಕೊಂಡರು. ಅದು ನಿಜವಾಗಿಯೂ ತುಸು ಗಿಡ್ಡವಿತ್ತು. "ಅಪ್ಪಣೆ ಪತ್ರದಲ್ಲಿ ಅಳತೆ ಇದೆ. ಪತ್ರ ಬಿಟ್ಟು ನಾನು ಒಂದು ಹೆಜ್ಜೆ ಇಡಲ್ಲ."

"ಓದಿ," ಎಂದಳು ಮಗಳು ಗುಂಡಿಯಿಂದ. ದನಿಯಲ್ಲಿ ಜೀವ ಬಂದಿತ್ತು.

ದಾರ ಬಿಚ್ಚಿತು. ಬೀದಿಯ ತಲೆಗಳೆಲ್ಲ ಕಡತದ ಮೇಲೆ ಬಾಗಿದವು. "ಗುಂಡಿಗಳ ಸಂಖ್ಯೆ, ಒಂದು. ಅಗಲ, ಮೂರು ಅಡಿ. ಆಳ, ನಾಲ್ಕು ಅಡಿ. ಉದ್ದ..." ಅಧಿಕಾರಿ ಕಾಗದ ತಿರುಗಿಸಿದರು. ಬೆಳಕಿಗೆ ಹಿಡಿದರು. "ಉದ್ದ ಬರೆದಿಲ್ಲ."

"ಯಾರು ಬರೀಬೇಕು?" ಎಂದರು ದೊಡ್ಡ ಎಂಜಿನಿಯರು.

"ಸ್ಥಳದಲ್ಲಿರೋ ಅಧಿಕಾರಿ."

"ಅಂದ್ರೆ?"

"ನಾನು."

ಬೇಕರಿಯವನು ಕೈ ಒರೆಸಿಕೊಂಡು ತನ್ನ ಜೇಬಿನ ಪೆನ್ನು ಕೊಟ್ಟ. ಕ್ಷೌರದವನು ಬರೆಯಲು ಬೆನ್ನು ಬಗ್ಗಿಸಿದ. ಅಧಿಕಾರಿ ಗಡಿಯಾರ ನೋಡಿದರು. ಹನ್ನೆರಡಕ್ಕೆ ಒಂದು ನಿಮಿಷ. ಆ ಬೆನ್ನಿನ ಮೇಲೆ ಕಾಗದವಿಟ್ಟು, ಹದಿನೈದು ಅಡಿ ಎಂದು ಬರೆದು ಸಹಿ ಹಾಕಿದರು. ಹಾಕಿದ ಮೇಲೆ ಅವರಿಗೇ ಹುರುಪು ಬಂದು ಕೊಡೆ ಮಡಿಚಿಟ್ಟು, "ಅಗೀರಿ, ಅಗೀರಿ. ನಾನು ಇಲ್ಲೇ ಇರ್ತೀನಿ," ಎಂದರು.

ಆಮೇಲಿನ ಎರಡು ಗಂಟೆ ನಮ್ಮ ಬೀದಿ ಕಂಡ ಭರಾಟೆಯನ್ನು ಯಾವ ಮದುವೆ ಮನೆಯೂ ಕಂಡಿರಲಾರದು. ಲೈನ್‌ಮನ್‌ಗಳು ಅಗೆದರು, ಬೇಕರಿಯವನು ಮಣ್ಣು ಹೊತ್ತ, ಮಾಸ್ತರು ಪ್ರತಿ ಅಡಿಗೂ ಲೆಕ್ಕ ಕೂಗಿದರು. ಒಂಬತ್ತನೆಯ ಅಡಿಗೆ ನಮ್ಮ ಅಂಗಡಿಯ ಕಲ್ಲಿನ ಮೆಟ್ಟಿಲು ಅಡ್ಡ ಬಂತು. ಇವರು ತಾವೇ ನಿಂತು ಕೂರಿಸಿದ ಮೆಟ್ಟಿಲು ಅದು. ಒಂದು ಸಲ ನಾನು ಅದರ ಮೇಲೆ ಒದ್ದೆ ಬಕೆಟ್ ಇಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಲೈನ್‌ಮನ್ ಗಡಪಾರೆ ಹಿಡಿದು ಇವರ ಮುಖ ನೋಡಿದ. ಇವರು ಗಡಪಾರೆಯನ್ನು ತಾವೇ ಇಸಿದುಕೊಂಡರು. ಕಲ್ಲು ಎರಡೇ ಏಟಿಗೆ ಎದ್ದಿತು.

ಅದರಡಿಯಲ್ಲಿ ಕೇಬಲಿನ ಹಳೆಯ ಜೋಡಣೆ. ನೀರು ಕುಡಿದು ಊದಿ, ಒಂದು ಪಕ್ಕ ಸುಟ್ಟು ಒಡೆದು ಬಾಯಿ ಬಿಟ್ಟಿತ್ತು. ಮಗಳು ಅದನ್ನು ಮುಟ್ಟಿದ ರೀತಿ ನೋಡಿದವರು ಕೆಟ್ಟ ಕೇಬಲ್ ಎನ್ನುತ್ತಿರಲಿಲ್ಲ, ಕಳೆದುಹೋಗಿ ಸಿಕ್ಕ ಒಡವೆ ಎನ್ನುತ್ತಿದ್ದರು. ಹಿರಿಯ ಲೈನ್‌ಮನ್ ಬಗ್ಗಿ ನೋಡಿ, ಆ ವರ್ಷದ ಮಾತುಗಳನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದ.

"ಇದನ್ನು ಜೋಡಿಸಿದ್ದು ನಾನೇ. ಇಪ್ಪತ್ತೆರಡು ವರ್ಷ ಬಂತು. ಸಾಕು ಬಿಡಿ."

ದೊಡ್ಡ ಎಂಜಿನಿಯರು ಗುಂಡಿಯ ನಡುವಿಗೆ ಅಡ್ಡಲಾಗಿ ಒಂದು ಕೋಲು ಇಡಿಸಿದರು. "ಇಲ್ಲಿಂದ ಅಲ್ಲಿಗೆ ಅಳೀಬೇಕು. ಟೇಪಿದೆಯಾ? ಅದಲ್ಲ," ಎಂದರು, ನಮ್ಮವರ ಕೈ ಕತ್ತಿಗೆ ಹೋಗುವುದನ್ನು ಕಂಡು.

ಅಧಿಕಾರಿ ಪ್ಯಾಂಟಿನ ಜೇಬಿನಿಂದ ಉಕ್ಕಿನ ಟೇಪು ತೆಗೆದರು. ಐದು ಮೀಟರಿನದು, ಹೊಚ್ಚ ಹೊಸದು.

ಬೀದಿ ಅವರನ್ನು ನೋಡಿತು. "ಬೆಳಿಗ್ಗೆಯಿಂದ ಇದು ನಿಮ್ಮ ಜೇಬಲ್ಲೇ ಇತ್ತಾ?" ಎಂದಳು ಮಗಳು.

"ಇದು ಗುಂಡಿ ಅಳೆಯೋಕೆ," ಎಂದರು ಅಧಿಕಾರಿ, ಸ್ವಲ್ಪ ನೊಂದು. "ರಸ್ತೆ ಅಳೆಯೋಕೆ ಅಂತ ಯಾರೂ ಕೇಳಲಿಲ್ಲ."

ಉಕ್ಕಿನ ಟೇಪು ಹಾಸಿದರು. ಕೋಲಿನಿಂದ ಸುಟ್ಟ ಜೋಡಣೆಯ ನಡುವಿಗೆ ಹನ್ನೊಂದು ಅಡಿ ಒಂಬತ್ತು ಇಂಚು.

"ಎಂಟು ಅಂದಿದ್ದೆ," ಎಂದರು ಮಾಸ್ತರು ಬೇಸರದಿಂದ. "ಒಂದು ಇಂಚು ಎಲ್ಲಿ ಹೋಯ್ತು?"

ದೊಡ್ಡ ಎಂಜಿನಿಯರು ನಗಲಿಲ್ಲ. ಪರದೆಯ ಹಸಿರು ಗೆರೆಯನ್ನು ಬರೆದುಕೊಂಡಿದ್ದ ಮಗಳ ಕಾಗದವನ್ನು ಕೇಳಿ ಪಡೆದು, ಎರಡು ಸಲ ಓದಿದರು. "ಇನ್ನೂರ ಹತ್ತು ಮೀಟರಿಗೆ ಒಂದು ಇಂಚು ತಪ್ಪು. ನಮ್ಮ ವಿಭಾಗದಲ್ಲಿ ಇಷ್ಟು ಸರಿಯಾಗಿ ಓದಿದವರು ಯಾರೂ ಇಲ್ಲ. ನನ್ನನ್ನೂ ಸೇರಿಸಿ," ಎಂದರು. ಆಮೇಲೆ ಜೇಬಿನಿಂದ ವ್ಯಾನಿನ ಎರಡನೇ ಬೀಗದ ಕೈ ತೆಗೆದು, ಗುಂಡಿಯೊಳಗಿದ್ದ ಅವಳ ಮಣ್ಣಿನ ಕೈಗೆ ಹಾಕಿದರು. "ಉಗ್ರಾಣಕ್ಕೆ ಬೇರೆಯವರನ್ನು ನೋಡ್ತೀನಿ."

ನಾಲ್ಕು ಗಂಟೆಗೆ ಹೊಸ ಜೋಡಣೆ ಕೂತಿತು. ಕರೆಂಟು ಬಂದಾಗ ಎರಡು ದಿನದಿಂದ ಯಾರೂ ಆರಿಸದೆ ಬಿಟ್ಟ ಬಲ್ಬು, ಫ್ಯಾನು, ಮಿಕ್ಸಿ, ಟಿವಿ, ಎಲ್ಲ ಒಟ್ಟಿಗೆ ಕೂಗಿಕೊಂಡವು. ಬೇಕರಿಯವನು ಓಡಿದ. ಮಾಸ್ತರ ಮನೆಯ ರೇಡಿಯೋ ಯಾರಿಗೂ ಬೇಡದ ಹವಾಮಾನ ಹೇಳತೊಡಗಿತು. ಮಗಳು ಹಳದಿ ಟೋಪಿ ತೆಗೆದು, ಬೆವರಿದ ತಲೆಯನ್ನು ನನ್ನ ಸೆರಗಿನಿಂದಲೇ ಒರೆಸಿಕೊಂಡಳು. "ಅಮ್ಮ, ಹಸಿವು," ಎಂದಳು.

ಎರಡು ತಟ್ಟೆ ಬಡಿಸಿ ಕರೆಯಲು ಹೊರಗೆ ಬಂದೆ. ಜೀಪು ಹೋಗಿತ್ತು. ಲೈನ್‌ಮನ್‌ಗಳು ಮಣ್ಣು ಮುಚ್ಚುತ್ತಿದ್ದರು. ಮಗಳು ವ್ಯಾನಿನ ಬಾಗಿಲ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಪ್ಪ, ಇಳೀರಿ. ನಾಳೆಯ ಕೆಲಸ ಇಪ್ಪತ್ತು ಮೈಲಿ ಆಚೆ ಇದೆ."

ಇವರು ಮುಂದಿನ ಸೀಟಿನಲ್ಲಿ ಕೂತಿದ್ದರು.

"ಹೊಲಿಗೆಗೆ ಬಿಡಲ್ಲ ಅಂತ ಹೇಳಿದ್ನಲ್ಲ," ಎನ್ನುತ್ತಿದ್ದರು.